ಒಂದೇ ತಾಯಿಯ ಮಕ್ಕಳು, ಒಬ್ಬನಿಗೆ ಮಾತ್ರ ಉಬ್ಬಸ ಏಕೆ?

ಪ್ರಶ್ನೆ: ಬೆಂಗಳೂರಿನ ಪೀಣ್ಯದ ಬಳಿ ಮುಖ್ಯರಸ್ತೆಗೆ ಅಂಟಿಕೊಂಡಿರುವ ಒಂದು ಕೋಣೆಯ ಶೀಟ್ ಮನೆಯಲ್ಲಿ ನಾವು ಬಾಡಿಗೆಗಿದ್ದೇವೆ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್, ಯಜಮಾನರು ಆಟೊ ಓಡಿಸುತ್ತಾರೆ. ಏಳು ವರ್ಷದ ಮಗನಿಗೆ ಎರಡು ವರ್ಷದಿಂದ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ನೆಗಡಿಯಾಗಿ, ಎರಡನೆಯ ರಾತ್ರಿಯ ಹೊತ್ತಿಗೆ ಎದೆಯಲ್ಲಿ ಸುಯ್ಯೆಂಬ ಸದ್ದು ಬಂದು ಉಬ್ಬಸ ಹತ್ತಿಕೊಳ್ಳುತ್ತದೆ. ಪ್ರತಿ ಸಲವೂ ಸಿರಪ್, ಆಂಟಿಬಯಾಟಿಕ್, ಒಮ್ಮೊಮ್ಮೆ ಐದು ದಿನದ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಈಗ ಹೊಸ ವೈದ್ಯರು ಇದು ಆಸ್ತಮಾ ಎಂದು ಹೇಳಿ, ದಿನವೂ ತೆಗೆದುಕೊಳ್ಳಲು ಇನ್ಹೇಲರ್ ಬರೆದಿದ್ದಾರೆ. ಅದು ಚಟವಾಗುತ್ತದೆ, ಬೆಳವಣಿಗೆ ನಿಲ್ಲುತ್ತದೆ ಎಂದು ಅಕ್ಕಪಕ್ಕದವರು ಹೆದರಿಸುತ್ತಿದ್ದಾರೆ. ಅತ್ತೆಯವರು ಬಾಳೆಹಣ್ಣು, ಮೊಸರು ಬಿಡಿಸಿದ್ದಾರೆ. ಶಿರಾ ಕಡೆಯ ನಮ್ಮೂರಿನಲ್ಲಿ ಹುಟ್ಟಿ, ಮೂರು ವರ್ಷ ಅಲ್ಲೇ ಬೆಳೆದ ಮಗಳಿಗೆ ಏನೂ ಇಲ್ಲ; ಇಲ್ಲಿ ಹುಟ್ಟಿದ ಇವನಿಗೇ ಏಕೆ? ಯಜಮಾನರ ತಂದೆಗೆ ದಮ್ಮು ಇತ್ತು. ಮಗನನ್ನು ಊರಿಗೆ ಕಳಿಸಿಬಿಡಲೇ? ಬಸುರಿಯಾಗಿದ್ದಾಗ ಎಂಟನೇ ತಿಂಗಳವರೆಗೂ ಕೆಲಸಕ್ಕೆ ಹೋಗಿದ್ದೆ, ಅದರಿಂದಲೇ ಹೀಗಾಯಿತೇ?
ಓದುಗರು, ಬೆಂಗಳೂರು

ಉತ್ತರ: ನೀವು ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಉತ್ತರಿಸುತ್ತೇನೆ. ನೀವು ಬಸುರಿಯಾಗಿದ್ದಾಗ ದುಡಿದದ್ದರಿಂದ ಮಗನಿಗೆ ಆಸ್ತಮಾ ಬಂದಿತೆಂದು ಹೇಳಲು ಯಾವ ಆಧಾರವೂ ಇಲ್ಲ. ಮಕ್ಕಳ ಶ್ವಾಸಕೋಶದ ಕಾಯಿಲೆಗಳನ್ನೇ ನೋಡುತ್ತ ಬಂದ ನನಗೆ ಈ ಪ್ರಶ್ನೆ ಹೊಸದಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ತಾಯಿ, ಚೀಟಿ ಬರೆದು ಮುಗಿದು, ಎದ್ದು ಹೊರಡುವ ಹೊತ್ತಿಗೆ ಬಾಗಿಲ ಬಳಿ ನಿಂತು ತಗ್ಗಿದ ದನಿಯಲ್ಲಿ ಇದನ್ನು ಕೇಳುತ್ತಾಳೆ. ತಂದೆ ಇದನ್ನು ಕೇಳಿದ್ದು ನನಗೆ ನೆನಪಿಲ್ಲ. ಮಗುವಿನ ಕಾಯಿಲೆಗೆ ತಾಯಿಯನ್ನೇ ಹೊಣೆ ಮಾಡುವ ರೂಢಿ ನಮ್ಮ ಮನೆಗಳಲ್ಲಿ ಬಲವಾಗಿದೆ. ಹಾಗಾಗಿ ಈ ಉತ್ತರವನ್ನು ನಿಮ್ಮ ಯಜಮಾನರೂ ಅತ್ತೆಯವರೂ ಓದಲಿ ಎಂಬುದು ನನ್ನ ಕೋರಿಕೆ.

ಇದು ಆಸ್ತಮಾ ಹೌದೇ ಎಂಬುದನ್ನು ನೋಡೋಣ. ಮಗುವನ್ನು ಪರೀಕ್ಷಿಸದೆ ನಾನು ರೋಗನಿರ್ಣಯ ಮಾಡಲಾರೆ. ಆದರೂ ನೀವು ಬರೆದಿರುವ ಲಕ್ಷಣಗಳು, ಅಂದರೆ ಉಬ್ಬಸ ಮತ್ತೆ ಮತ್ತೆ ಬರುವುದು, ರಾತ್ರಿ ಹೆಚ್ಚಾಗುವುದು, ಪ್ರತಿ ಸಲವೂ ನೆಗಡಿಯ ಬೆನ್ನಿಗೇ ಬರುವುದು, ಮನೆತನದಲ್ಲಿ ದಮ್ಮು ಇರುವುದು, ಎಲ್ಲವೂ ಅತ್ತಲೇ ಬೊಟ್ಟು ಮಾಡುತ್ತವೆ. ಆಸ್ತಮಾ ಇರುವ ಮಗುವಿನ ಶ್ವಾಸನಾಳಗಳ ಒಳಪೊರೆ, ಮಗು ಹುಷಾರಾಗಿ ಆಡಿಕೊಂಡಿರುವ ದಿನಗಳಲ್ಲೂ ಸಣ್ಣಗೆ ಊದಿಕೊಂಡೇ ಇರುತ್ತದೆ. ಅದಕ್ಕೆ ನೆಗಡಿಯ ವೈರಸ್ಸೋ ಹೊಗೆಯೋ ಧೂಳೋ ತಗುಲಿದಾಗ ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪೊರೆ ಇನ್ನಷ್ಟು ಊದುತ್ತದೆ, ಅಂಟಂಟಾದ ಕಫ ತುಂಬಿಕೊಳ್ಳುತ್ತದೆ. ಕಿರಿದಾದ ನಾಳದಲ್ಲಿ ಗಾಳಿ ನುಸುಳುವಾಗ ನಿಮಗೆ ಕೇಳಿಸುವುದೇ ಆ ಸುಯ್ಯೆಂಬ ಸದ್ದು. ಉಸಿರಿನ ಪ್ರಮಾಣ, ವೇಗ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆಯಲ್ಲಿ ಏಳು ವರ್ಷದ ಮಗು ಕೊಳವೆಗೆ ಜೋರಾಗಿ ಊದಬಲ್ಲದು. ಹಿಂದಿನ ವೈದ್ಯರು ಅದನ್ನು ಮಾಡಿಸಿರದಿದ್ದರೆ ಒಮ್ಮೆ ಮಾಡಿಸಿಕೊಳ್ಳಿ. ಎರಡು ವರ್ಷ ಚೀಟಿಯಲ್ಲಿ ‘ಅಲರ್ಜಿಕ್ ಬ್ರಾಂಕೈಟಿಸ್’ ಎಂದೋ ‘ವೀಸಿಂಗ್’ ಎಂದೋ ಬರೆದಿದ್ದಿರಬಹುದು. ಆಸ್ತಮಾ ಎಂದೊಡನೆ ತಂದೆತಾಯಿ ಕಂಗಾಲಾಗುತ್ತಾರೆ, ಹೆಣ್ಣುಮಗುವಾದರೆ ಮುಂದೆ ಮದುವೆಗೆ ತೊಡಕೆಂದು ಚಿಂತಿಸುತ್ತಾರೆ ಎಂಬ ಕಾರಣಕ್ಕೆ ವೈದ್ಯರು ಹೆಸರನ್ನು ಮೆತ್ತಗೆ ಮಾಡಿ ಬರೆಯುವುದುಂಟು. ಇದರಿಂದ ನಷ್ಟವಾಗುವುದು ಮಗುವಿಗೇ, ಏಕೆಂದರೆ ಹೆಸರು ಹೇಳದ ಕಾಯಿಲೆಗೆ ದಿನನಿತ್ಯದ ಚಿಕಿತ್ಸೆ ಶುರುವಾಗುವುದಿಲ್ಲ. ಹೊಸ ವೈದ್ಯರು ಹೆಸರು ಹೇಳಿದ್ದು ನಿಮಗಾದ ಉಪಕಾರವೆಂದೇ ತಿಳಿಯಿರಿ. ಇಂಥ ಉಬ್ಬಸದ ಬಹುಪಾಲು ವೈರಸ್‌ನಿಂದ ಏಳುವುದರಿಂದ ಪ್ರತಿ ಸಲವೂ ಆಂಟಿಬಯಾಟಿಕ್ ಬೇಕಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಇನ್ನು, ಅಕ್ಕನಿಗಿಲ್ಲದ್ದು ತಮ್ಮನಿಗೇ ಏಕೆ? ಅಜ್ಜನ ದಮ್ಮಿನ ಒಲವು ಇಬ್ಬರಿಗೂ ಬಂದಿರಬಹುದು, ಒಬ್ಬನಿಗೇ ಬಂದಿರಲೂಬಹುದು. ಒಂದೇ ತಾಯಿತಂದೆಯ ಮಕ್ಕಳಾದರೂ ವಂಶವಾಹಿಗಳ ಹಂಚಿಕೆ ಒಂದೇ ತೆರನಾಗಿರುವುದಿಲ್ಲ. ಇದಲ್ಲದೆ ಚಿಕ್ಕ ವಯಸ್ಸಿನಲ್ಲಿ ಆಸ್ತಮಾ ಗಂಡುಮಕ್ಕಳಲ್ಲಿ ಹೆಚ್ಚು, ಹರೆಯದ ನಂತರ ಈ ಲೆಕ್ಕ ತಿರುಗುಮುರುಗಾಗುತ್ತದೆ. ಆದರೆ ನಿಮ್ಮ ಪತ್ರದಲ್ಲಿ ನನ್ನ ಗಮನ ಹಿಡಿದು ನಿಲ್ಲಿಸಿದ ಮಾತು ಬೇರೆ. ಮಗಳು ಊರಿನಲ್ಲಿ ಹುಟ್ಟಿ ಮೂರು ವರ್ಷ ಅಲ್ಲೇ ಬೆಳೆದಳು ಎಂಬುದು. ಅಮೆರಿಕದಲ್ಲಿ ಆಮಿಷ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳಿವೆ. ಇಬ್ಬರ ಮೂಲವೂ ಯೂರೋಪಿನದು, ವಂಶವಾಹಿಗಳೂ ಊಟವೂ ಬಹುಮಟ್ಟಿಗೆ ಒಂದೇ ಬಗೆಯವು. ಆಮಿಷ್ ಜನ ಕುದುರೆ ಕಟ್ಟಿ ಹಳೆಯ ರೀತಿಯಲ್ಲೇ ಬೇಸಾಯ ಮಾಡುತ್ತಾರೆ, ದನದ ಕೊಟ್ಟಿಗೆ ಮನೆಯ ಪಕ್ಕದಲ್ಲೇ ಇರುತ್ತದೆ. ಹಟರೈಟರ ಬೇಸಾಯ ಯಂತ್ರಗಳದು, ಕೊಟ್ಟಿಗೆಗಳು ಮನೆಗಳಿಂದ ದೂರ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇವರ ಮಕ್ಕಳನ್ನು ಹೋಲಿಸಿ ನೋಡಿದಾಗ, ಹಟರೈಟ್ ಮಕ್ಕಳಲ್ಲಿ ಆಸ್ತಮಾ ಆಮಿಷ್ ಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಕಂಡುಬಂದಿತು. ಕೊಟ್ಟಿಗೆಯ ಧೂಳಿನಲ್ಲಿರುವ ಸೂಕ್ಷ್ಮಾಣುಗಳ ಅಂಶಗಳು ಹಸುಗೂಸಿನ ದೇಹದ ರಕ್ಷಣಾ ವ್ಯವಸ್ಥೆಯನ್ನು ಪಳಗಿಸಿ, ನಿರುಪದ್ರವಿ ಪರಾಗಕ್ಕೂ ಧೂಳಿನ ನುಸಿಗೂ ಸಿಡಿಮಿಡಿಗೊಳ್ಳದಂತೆ ಮಾಡುತ್ತವೆ ಎಂಬುದು ಇದರ ಹಿಂದಿನ ತಿಳಿವಳಿಕೆ. ನಿಮ್ಮ ಮಗಳಿಗೆ ಹೀಗೇ ಆಯಿತೆಂದು ನಾನು ಹೇಳುತ್ತಿಲ್ಲ. ಇಬ್ಬರು ಮಕ್ಕಳ ಎಳವೆಯ ಗಾಳಿ ಒಂದೇ ಆಗಿರಲಿಲ್ಲ ಎಂಬುದನ್ನಷ್ಟೇ ಗಮನಕ್ಕೆ ತರುತ್ತಿದ್ದೇನೆ. ಬೆಂಗಳೂರಿಗೆ ಬಂದದ್ದು ಹೊಟ್ಟೆಪಾಡಿಗಾಗಿ, ಅದನ್ನು ಯಾರೂ ತಪ್ಪೆನ್ನಲಾಗದು.

ನಮ್ಮ ಊರಿನದೇ ಪುರಾವೆ ಬೇಕೆಂದರೆ ಅದೂ ಇದೆ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು 1979ರಿಂದ 1999ರವರೆಗೆ ತಮ್ಮ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಗಮನಿಸಿ, ಆಸ್ತಮಾ ಇದ್ದವರ ಪ್ರಮಾಣ ಶೇ. 9ರಿಂದ ಶೇ. 29.5ಕ್ಕೆ ಏರಿದ್ದನ್ನು ದಾಖಲಿಸಿದರು. ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವೇ ಹೊರತು ಇಡೀ ನಗರದ್ದಲ್ಲ. ಹಾಗಾಗಿ ಇದಕ್ಕಿಂತ ನನಗೆ ಮುಖ್ಯವೆನಿಸುವುದು ಅವರು ನಗರದ 12 ಶಾಲೆಗಳಲ್ಲಿ 6ರಿಂದ 15 ವರ್ಷದ 6,550 ಮಕ್ಕಳ ನಡುವೆ ನಡೆಸಿದ ಸಮೀಕ್ಷೆ. ವಾಹನ ಸಂಚಾರ ಕಡಿಮೆಯಿದ್ದ ಪ್ರದೇಶದ ಶಾಲೆಗಳಲ್ಲಿ ಆಸ್ತಮಾ ಶೇ. 11.15ರಷ್ಟಿತ್ತು, ಸಂಚಾರ ಹೆಚ್ಚಿದ್ದ ಕಡೆ ಶೇ. 19.34ರಷ್ಟಿತ್ತು. ಸಂಚಾರವೂ ಹೆಚ್ಚು, ಮಕ್ಕಳ ಮನೆಯ ಬಡತನವೂ ಹೆಚ್ಚು ಎಂಬಂತಹ ಕಡೆ ಅದು ಶೇ. 31.14ಕ್ಕೆ ಮುಟ್ಟಿತ್ತು. ಹಳ್ಳಿಗಳಲ್ಲಿ ಇದೇ ವಯಸ್ಸಿನ ಮಕ್ಕಳನ್ನು ನೋಡಿದಾಗ ಕಂಡದ್ದು ಶೇ. 5.7 ಮಾತ್ರ. ಈ ಅಂಕಿಗಳಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡೂ ಕಡೆ ರಸ್ತೆಯ ಹೊಗೆ ಇದೆ, ಆದರೂ ಬಡವರ ಮಕ್ಕಳಲ್ಲಿ ಕಾಯಿಲೆ ಒಂದೂವರೆ ಪಟ್ಟಿಗಿಂತ ಹೆಚ್ಚು. ವಾಹನದ ಹೊಗೆಯೊಂದರಿಂದಲೇ ಈ ಅಂತರ ಹುಟ್ಟಿದ್ದಲ್ಲ.

ಹಾಗಾದರೆ ಬಡತನ ಎಳೆಯ ಶ್ವಾಸಕೋಶದೊಳಕ್ಕೆ ಇಳಿಯುವುದು ಹೇಗೆ? ಕೆಲವು ವರ್ಷಗಳ ಹಿಂದೆ ಎಂಟು ವರ್ಷದ ಹುಡುಗಿಯೊಬ್ಬಳು ಔಷಧಿಯನ್ನು ತಪ್ಪದೆ ತೆಗೆದುಕೊಳ್ಳುತ್ತಿದ್ದರೂ ತಿಂಗಳಿಗೆರಡು ಸಲ ರಾತ್ರಿ ತುರ್ತು ಚಿಕಿತ್ಸೆಗೆ ಬರುತ್ತಿದ್ದಳು. ದಸರಾ ರಜೆಗೆ ಅಜ್ಜಿಯ ಮನೆಗೆ ಹೋದ ಮೂರು ವಾರ ಮಾತ್ರ ಒಂದು ಕೆಮ್ಮೂ ಇರಲಿಲ್ಲ. ಕುತೂಹಲಕ್ಕೆ ನಾನೇ ಅವರ ಮನೆಗೆ ಹೋದೆ. ವಠಾರದ ಕೊನೆಯ ಕೋಣೆ, ಐದು ಜನ, ಇದ್ದೊಂದು ಕಿಟಕಿ ಕೆಳಗಿನ ಬೇಕರಿಯ ಸೌದೆ ಒಲೆಯ ಹೊಗೆಕೊಳವೆಯ ಕಡೆಗೆ ತೆರೆದುಕೊಳ್ಳುತ್ತಿತ್ತು. ಹೊಗೆಗೆ ಹೆದರಿ ಅದನ್ನು ಸದಾ ಮುಚ್ಚಿಡುತ್ತಿದ್ದುದರಿಂದ ಒಳಗೆ ಗಾಳಿಯಾಡದೆ, ಬಚ್ಚಲಿನ ಪಕ್ಕದ ಗೋಡೆ ಸೊಂಟದೆತ್ತರದವರೆಗೆ ಕಪ್ಪು ಬೂಷ್ಟು ಹಿಡಿದಿತ್ತು. ಹುಡುಗಿಯ ಹಾಸಿಗೆ ಇದ್ದದ್ದು ಆ ಗೋಡೆಗೆ ಒತ್ತಿಕೊಂಡು, ಏಕೆಂದರೆ ಬೇರೆಲ್ಲೂ ಜಾಗವಿರಲಿಲ್ಲ. ತಾಯಿ ನನಗೆ ಚಹಾ ಕೊಟ್ಟು, “ಮನೆ ಬದಲಾಯಿಸಿ ಅಂತ ಎಲ್ಲಾ ಡಾಕ್ಟ್ರೂ ಹೇಳ್ತಾರೆ ಸಾರ್, ಅಡ್ವಾನ್ಸ್ ದುಡ್ಡಿಗೆ ಏನು ಮಾಡಲಿ ಅಂತ ಯಾರೂ ಹೇಳಲ್ಲ” ಎಂದರು. ನಾನೂ ಹಾಗೆ ಹೇಳಿದವನೇ. ಅಂದಿನಿಂದ ಮನೆಯ ಸ್ಥಿತಿ ಕೇಳದೆ ಇನ್ಹೇಲರಿನ ಪ್ರಮಾಣ ಹೆಚ್ಚಿಸುವುದನ್ನು ಬಿಟ್ಟಿದ್ದೇನೆ.

ಬಾಡಿಗೆ ಕಡಿಮೆಯಿರುವ ಮನೆಗಳು ಇರುವುದು ಲಾರಿ ಓಡಾಡುವ ರಸ್ತೆಯ ಅಂಚಿನಲ್ಲಿ, ಕಾರ್ಖಾನೆಯ ಹಿಂಬದಿಯಲ್ಲಿ, ಕಸಕ್ಕೆ ಬೆಂಕಿಯಿಡುವ ಖಾಲಿ ನಿವೇಶನದ ಪಕ್ಕದಲ್ಲಿ. ಅಲ್ಲಿ ಡೀಸೆಲ್ ಹೊಗೆಯಲ್ಲಿನ ಅತಿಸೂಕ್ಷ್ಮ ಕಣಗಳೂ ನೈಟ್ರೋಜನ್ ಡೈಆಕ್ಸೈಡೂ ಮಕ್ಕಳ ಉಸಿರಿಗೆ ಸದಾ ಸಿಗುತ್ತವೆ. ಒಂದೇ ಕೋಣೆಯಲ್ಲಿ ಹೆಚ್ಚು ಜನ ಮಲಗಿದರೆ ಒಬ್ಬರ ನೆಗಡಿ ಎಲ್ಲರಿಗೂ ಹಬ್ಬುತ್ತದೆ, ಆಸ್ತಮಾ ಇರುವ ಮಗುವಿಗೆ ಅದೇ ಉಬ್ಬಸವಾಗುತ್ತದೆ. ಸಂದುಗೊಂದುಗಳಿರುವ ಹಳೆಯ ಅಡುಗೆಕಟ್ಟೆಯಲ್ಲಿ ಜಿರಳೆ ಸೇರುತ್ತದೆ. ಜಿರಳೆಯ ಹಿಕ್ಕೆಗೆ ಅಲರ್ಜಿಯಾದ ಮಕ್ಕಳು, ಅದು ಹೆಚ್ಚಿರುವ ಮನೆಯಲ್ಲಿದ್ದರೆ, ಆಸ್ಪತ್ರೆ ಸೇರುವುದು ಹೆಚ್ಚು ಎಂಬುದು ಅಮೆರಿಕದ ನಗರಗಳ ಬಡ ಬಡಾವಣೆಗಳಲ್ಲಿ 1990ರ ದಶಕದಲ್ಲೇ ಸ್ಪಷ್ಟವಾಗಿದೆ. ಮುಂದೆ ಚಿಕಿತ್ಸೆಯ ಮಾತು. ದಿನಗೂಲಿಯ ಮನೆಯಲ್ಲಿ ಮಗು ಹುಷಾರಾಗಿರುವ ದಿನ ಔಷಧಿಗೆ ಹಣ ಎತ್ತಿಡುವುದು ಕಷ್ಟ, ಉಬ್ಬಸ ಏರಿದ ರಾತ್ರಿ ಸಾಲ ಮಾಡಿಯಾದರೂ ನೆಬ್ಯುಲೈಸರ್ ಕೊಡಿಸುತ್ತಾರೆ. ವಿಶ್ವದ ಆಸ್ತಮಾ ರೋಗಿಗಳಲ್ಲಿ ಭಾರತದ ಪಾಲು ಶೇ. 13ರ ಆಸುಪಾಸು, ಆಸ್ತಮಾದ ಸಾವುಗಳಲ್ಲಿ ಮಾತ್ರ ಶೇ. 40ಕ್ಕೂ ಹೆಚ್ಚು ಎಂದು ಜಾಗತಿಕ ಅಂದಾಜುಗಳು ಹೇಳುತ್ತವೆ. ಒಳ್ಳೆಯ ಔಷಧಿ ದಶಕಗಳಿಂದ ಲಭ್ಯವಿರುವ ಕಾಯಿಲೆಯಲ್ಲಿ ಇಷ್ಟು ಸಾವು ಸಂಭವಿಸುವುದು ನನಗೆ ಸಹಿಸಲಾಗದ ಸಂಗತಿ.

ಲಂಡನ್ನಿನ ಲೂಯಿಶಮ್‌ನಲ್ಲಿ ಎಲಾ ಅಡೂ ಕಿಸ್ಸಿ ಡೆಬ್ರಾ ಎಂಬ ಬಾಲಕಿಯಿದ್ದಳು. ಮನೆ ದಟ್ಟ ಸಂಚಾರದ ಸೌತ್ ಸರ್ಕ್ಯುಲರ್ ರಸ್ತೆಗೆ ಕೂಗಳತೆಯಷ್ಟು ಹತ್ತಿರ. ತೀವ್ರ ಆಸ್ತಮಾದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರುತ್ತಿದ್ದ ಅವಳು 2013ರ ಫೆಬ್ರವರಿಯಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ತಾಯಿ ಪಟ್ಟು ಬಿಡದೆ ಹೋರಾಡಿ ಸಾವಿನ ಕಾರಣದ ಬಗ್ಗೆ ಎರಡನೆಯ ವಿಚಾರಣೆ ನಡೆಯುವಂತೆ ಮಾಡಿದರು. 2020ರ ಡಿಸೆಂಬರಿನಲ್ಲಿ ವಿಚಾರಣಾಧಿಕಾರಿಯು ಆ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ದಾಖಲಿಸಿದರು. ಬ್ರಿಟನ್ನಿನಲ್ಲಿ ಹೀಗೆ ದಾಖಲಾದದ್ದು ಅದೇ ಮೊದಲು. ಮಾಲಿನ್ಯಕ್ಕೂ ಆಸ್ತಮಾಕ್ಕೂ ಇರುವ ನಂಟನ್ನು ಆ ತಾಯಿಗೆ ಯಾರೂ ತಿಳಿಸಿರಲಿಲ್ಲ ಎಂಬ ಮಾತೂ ಆ ತೀರ್ಮಾನದಲ್ಲಿದೆ. ನಿಮಗೆ ನಾನು ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಮನೆ ಬದಲಾಯಿಸಿ ಎಂದು ನಾನು ಹೇಳುವುದಿಲ್ಲ. ಇರುವ ಮನೆಯಲ್ಲೇ ಆಗುವಂಥದ್ದು ಹಲವಿವೆ, ಅವುಗಳಲ್ಲಿ ಮೊದಲನೆಯದು ಸೊಳ್ಳೆಬತ್ತಿ. ನೀವು ಅದರ ಬಗ್ಗೆ ಬರೆದಿಲ್ಲ, ಆದರೆ ಶೀಟ್ ಮನೆಗಳಲ್ಲಿ ಅದನ್ನು ಹಚ್ಚದವರು ವಿರಳ. 2003ರ ಅಧ್ಯಯನವೊಂದರಲ್ಲಿ ಒಂದು ಬತ್ತಿ ಪೂರ್ತಿ ಉರಿದಾಗ ಹೊಮ್ಮುವ ಅತಿಸೂಕ್ಷ್ಮ ಕಣಗಳನ್ನು ಅಳೆದು ನೋಡಿದರೆ, ಅವು 75ರಿಂದ 137 ಸಿಗರೇಟಿನಿಂದ ಬರುವಷ್ಟಿದ್ದವು. ಬಾಗಿಲು ಹಾಕಿದ ಒಂದು ಕೋಣೆಯಲ್ಲಿ, ಮಗುವಿನ ತಲೆದೆಸೆಯಲ್ಲಿ ಅದು ಬೆಳಗಿನವರೆಗೆ ಉರಿಯುತ್ತದೆ ಎಂಬುದನ್ನು ನೆನೆದುಕೊಳ್ಳಿ. ಸೊಳ್ಳೆ ಪರದೆಗೆ ಒಮ್ಮೆ ಹಣ ಹಾಕಿದರೆ ಸಾಕು. ಊದುಬತ್ತಿ, ಸಾಂಬ್ರಾಣಿಗಳನ್ನು ಮಗ ಶಾಲೆಗೆ ಹೋದ ಮೇಲೆ ಹೊಸ್ತಿಲಿನಾಚೆ ಹಚ್ಚಬಹುದು, ಅಥವಾ ದೇವರಿಗೆ ದೀಪವೊಂದನ್ನೇ ಬೆಳಗಬಹುದು. ಯಜಮಾನರು ಬೀಡಿ ಸಿಗರೇಟು ಸೇದುವವರಾಗಿದ್ದರೆ ಬಾಗಿಲಾಚೆ ಸೇದಿ ಬಂದರೂ ಸಾಲದು, ಬಟ್ಟೆಗೆ ಅಂಟಿದ ಹೊಗೆಯೂ ಮಗುವಿಗೆ ತಗುಲುತ್ತದೆ. ಸ್ಕಾಟ್ಲೆಂಡ್‌ನಲ್ಲಿ 2006ರ ಮಾರ್ಚ್‌ನಲ್ಲಿ ಸಾರ್ವಜನಿಕ ಒಳಾಂಗಣಗಳಲ್ಲಿ ಧೂಮಪಾನ ನಿಷೇಧಿಸುವ ಮೊದಲು, ಆಸ್ತಮಾಕ್ಕಾಗಿ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ವರ್ಷಕ್ಕೆ ಸುಮಾರು ಶೇ. 5ರಂತೆ ಏರುತ್ತಿತ್ತು. ನಿಷೇಧದ ನಂತರ ಅದು ವರ್ಷಕ್ಕೆ ಸುಮಾರು ಶೇ. 18ರಂತೆ ಇಳಿಯಿತು.

ಗೋಡೆಯಲ್ಲಿ ತೇವವಿದ್ದರೆ ಮಗನ ಹಾಸಿಗೆಯನ್ನು ಅದರಿಂದ ಒಂದು ಮೊಳ ದೂರಕ್ಕಾದರೂ ಸರಿಸಿ, ಬೂಷ್ಟನ್ನು ಸೋಪಿನ ನೀರಿನಲ್ಲಿ ಉಜ್ಜಿ ತೆಗೆದು ಒಣಗಿಸಿ, ನಂತರ ಸುಣ್ಣ ಬಳಿಸಿ. ನೀರು ಎಲ್ಲಿಂದ ಸೋರುತ್ತಿದೆಯೆಂದು ಓನರಿಗೆ ತೋರಿಸಿ ಸರಿಪಡಿಸಲು ಕೇಳಿ. ಸೋರಿಕೆ ನಿಲ್ಲದೆ ಬಳಿದ ಸುಣ್ಣ ಒಂದು ಮಳೆಗಾಲ ಬಾಳುವುದಿಲ್ಲ. ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಿದರೆ ಧೂಳಿನ ನುಸಿ ಕಡಿಮೆಯಾಗುತ್ತದೆ. ಕಸ ಗುಡಿಸುವಾಗ ಮಗ ಹೊರಗಿರಲಿ, ಸಾಧ್ಯವಾದರೆ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಅಡುಗೆಯ ಹೊತ್ತಿನಲ್ಲಿ, ಒಗ್ಗರಣೆಯ ಘಾಟು ಏಳುವಾಗಲಂತೂ, ಬಾಗಿಲು ತೆರೆದಿರಲಿ.

ಬಾಳೆಹಣ್ಣು, ಮೊಸರಿನ ವಿಷಯದಲ್ಲಿ ಅತ್ತೆಯವರ ಕಾಳಜಿ ನನಗೆ ಅರ್ಥವಾಗುತ್ತದೆ. ಶೀತದ ಪದಾರ್ಥವೆಂದು ಹಿರಿಯರು ಬಿಡಿಸುವುದು ಪ್ರೀತಿಯಿಂದಲೇ. ಆದರೆ ಇವುಗಳಿಂದ ಆಸ್ತಮಾ ಬರುವುದಿಲ್ಲ. ಒಂದು ಆಹಾರ ತಿಂದ ಸ್ವಲ್ಪ ಹೊತ್ತಿನಲ್ಲೇ, ಪ್ರತಿ ಸಲವೂ, ಮೈಮೇಲೆ ದದ್ದೋ ತುಟಿ ಊತವೋ ಉಬ್ಬಸವೋ ಬಂದರೆ ಅದು ನಿಜವಾದ ಅಲರ್ಜಿ, ಅಂಥದ್ದನ್ನು ಮಾತ್ರ ಬಿಡಬೇಕು. ಶಾಲೆಯಲ್ಲಿ ಮೊಟ್ಟೆ ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಕೊಡುವಾಗ ನಿಮ್ಮ ಮಗ ಕೈ ಹಿಂದಕ್ಕೆಳೆದುಕೊಂಡು ಕುಳಿತಿರುವುದು ಬೇಡ.

ಇನ್ಹೇಲರಿನ ಭಯದ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕು, ಏಕೆಂದರೆ ಈ ಭಯವೇ ಹೆಚ್ಚು ಮಕ್ಕಳನ್ನು ಕಾಡಿಸುತ್ತಿದೆ. ಉಬ್ಬಸ ಬಂದಾಗ ಕುಡಿಸುವ ಸಾಲ್ಬುಟಮಾಲ್ ಸಿರಪ್‌ನ 5 ಮಿಲಿಲೀಟರ್‌ನಲ್ಲಿ ಸಾಮಾನ್ಯವಾಗಿ 2 ಮಿಲಿಗ್ರಾಂ ಔಷಧಿಯಿರುತ್ತದೆ. ಅದೇ ಔಷಧಿಯ ಇನ್ಹೇಲರಿನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ. ಅಂದರೆ ಒಂದು ಚಮಚ ಸಿರಪ್ ಇಪ್ಪತ್ತು ಪಫ್‌ಗೆ ಸಮ. ಸಿರಪ್ ಹೊಟ್ಟೆಗೆ ಹೋಗಿ, ರಕ್ತ ಸೇರಿ, ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಹೊಡೆದುಕೊಳ್ಳುವಂತೆ ಮಾಡಿ, ಕೊನೆಗೆ ಶ್ವಾಸಕೋಶಕ್ಕೆ ತಲುಪುತ್ತದೆ. ಪಫ್ ನೇರವಾಗಿ ಬೇಕಾದಲ್ಲಿಗೇ ಹೋಗುತ್ತದೆ. ಇನ್ನು ಸ್ಟೀರಾಯ್ಡ್. ಇಪ್ಪತ್ತು ಕಿಲೋ ತೂಕದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ ಐದು ದಿನ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಒಟ್ಟು 100 ಮಿಲಿಗ್ರಾಂ ಆಯಿತು. ದಿನನಿತ್ಯದ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಇನ್ಹೇಲರನ್ನು ಕಡಿಮೆ ಪ್ರಮಾಣದಲ್ಲಿ, ದಿನಕ್ಕೆ 200 ಮೈಕ್ರೋಗ್ರಾಂನಂತೆ ಕೊಟ್ಟರೆ ಅಷ್ಟು ತೂಕದ ಔಷಧಿ ಮುಗಿಯಲು 500 ದಿನ ಬೇಕು. ಎರಡೂ ಬೇರೆ ಬೇರೆ ಔಷಧಿಗಳಾದ್ದರಿಂದ ಈ ಲೆಕ್ಕವನ್ನು ತಕ್ಕಡಿಯಲ್ಲಿಟ್ಟಂತೆ ತೆಗೆದುಕೊಳ್ಳಬಾರದು. ಆದರೂ ಯಾವುದಕ್ಕೆ ಹೆಚ್ಚು ಹೆದರಬೇಕು ಎಂಬುದಕ್ಕೆ ಇದು ಸಾಕು. ಬೆಳವಣಿಗೆಯ ಪ್ರಶ್ನೆ ನ್ಯಾಯವಾದದ್ದೇ, ಅದನ್ನು ಮುಚ್ಚಿಡುವುದಿಲ್ಲ. ಬಾಲ್ಯದಲ್ಲಿ ಹಲವು ವರ್ಷ ಬುಡೆಸೊನೈಡ್ ತೆಗೆದುಕೊಂಡವರನ್ನು ದೊಡ್ಡವರಾಗುವವರೆಗೆ ಗಮನಿಸಿದ ಅಮೆರಿಕದ ಅಧ್ಯಯನದಲ್ಲಿ ಎತ್ತರ ಸರಾಸರಿ 1.2 ಸೆಂಟಿಮೀಟರ್ ಕಡಿಮೆಯಾಗಿತ್ತು. ಬೆರಳಿನ ಒಂದು ಗೆಣ್ಣಿಗಿಂತ ಕಡಿಮೆ. ಹತೋಟಿಗೆ ಬಾರದ ಆಸ್ತಮಾ, ನಿದ್ದೆಗೆಟ್ಟ ರಾತ್ರಿಗಳು, ಪದೇ ಪದೇ ನುಂಗುವ ಸ್ಟೀರಾಯ್ಡ್ ಮಾತ್ರೆಗಳು ಬೆಳವಣಿಗೆಗೆ ಇದಕ್ಕಿಂತ ದೊಡ್ಡ ಅಡ್ಡಿ. ಚಟದ ಮಾತಂತೂ ಸುಳ್ಳು. ಕನ್ನಡಕ ಹಾಕಿದವನಿಗೆ ಕನ್ನಡಕದ ಚಟವಾಯಿತೆಂದು ಯಾರೂ ಅನ್ನುವುದಿಲ್ಲವಲ್ಲ. ಮೂರು ತಿಂಗಳು ಹತೋಟಿಯಲ್ಲಿದ್ದರೆ ವೈದ್ಯರೇ ಪ್ರಮಾಣ ತಗ್ಗಿಸುತ್ತಾರೆ. ಎಷ್ಟೋ ಮಕ್ಕಳಿಗೆ ಹರೆಯದ ಹೊತ್ತಿಗೆ ಔಷಧಿಯೇ ಬೇಡವಾಗುತ್ತದೆ.

ಆದರೆ ಇನ್ಹೇಲರ್ ಕೆಲಸ ಮಾಡುವುದು ಸರಿಯಾಗಿ ತೆಗೆದುಕೊಂಡಾಗ ಮಾತ್ರ. ‘ಪಫ್ ಕೊಟ್ಟರೂ ಕಡಿಮೆಯಾಗುತ್ತಿಲ್ಲ’ ಎನ್ನುವವರಿಗೆ ನನ್ನೆದುರೇ ಕೊಡಲು ಹೇಳುತ್ತೇನೆ. ಮಗು ಬಾಯಿ ತೆರೆಯುತ್ತದೆ, ತಾಯಿ ಒತ್ತುತ್ತಾಳೆ, ಬಿಳಿ ಹೊಗೆಯಂಥದ್ದು ನಾಲಿಗೆಗೆ ಬಡಿದು ತುಟಿಯಂಚಿನಿಂದ ಹೊರಗೇ ಬಂದುಬಿಡುತ್ತದೆ. ಆ ಹೊಗೆಯೇ ಔಷಧಿ. ಮಕ್ಕಳಿಗೆ ಸ್ಪೇಸರ್, ಅಂದರೆ ಇನ್ಹೇಲರಿಗೂ ಬಾಯಿಗೂ ನಡುವೆ ಔಷಧಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಳವೆ, ಇಲ್ಲದೆ ಇನ್ಹೇಲರ್ ಕೊಡಬಾರದು. ಡಬ್ಬಿಯನ್ನು ಚೆನ್ನಾಗಿ ಕುಲುಕಿ, ಸ್ಪೇಸರಿಗೆ ಸಿಕ್ಕಿಸಿ, ಬಾಯಿಗಿಡುವ ತುದಿಯನ್ನು ಮಗ ತುಟಿಯಿಂದ ಬಿಗಿಯಾಗಿ ಹಿಡಿದ ಮೇಲೆ ಒಂದೇ ಒಂದು ಪಫ್ ಒತ್ತಿ, ಐದಾರು ಸಲ ನಿಧಾನವಾಗಿ ಉಸಿರಾಡಲು ಹೇಳಿ. ಎರಡನೆಯ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ ಕೊಡಿ. ಸ್ಟೀರಾಯ್ಡ್ ಪಫ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು ಒರೆಸದೆ ಹಾಗೆಯೇ ಆರಲು ಬಿಡಿ, ಒರೆಸಿದರೆ ಔಷಧಿಯ ಕಣಗಳು ಅದರ ಗೋಡೆಗೇ ಅಂಟುತ್ತವೆ. ಸ್ಪೇಸರ್ ಕೊಳ್ಳಲಾಗದ ಮನೆಗಳಿಗೆ ಕೇಪ್ ಟೌನಿನ ವೈದ್ಯರು 1999ರಲ್ಲೇ ದಾರಿ ತೋರಿಸಿದ್ದಾರೆ. 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಇನ್ಹೇಲರಿನ ಮೂತಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಸುತ್ತಲಿನ ಸಂದನ್ನು ಅಂಟಿನಿಂದ ಮುಚ್ಚಿ, ಬಾಟಲಿಯ ಬಾಯಿಯನ್ನು ಮಗುವಿನ ಬಾಯಿಗಿಟ್ಟು ಪ್ರಯೋಗಿಸಿದಾಗ, ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು. ನಿಮ್ಮ ವೈದ್ಯರಿಗೆ ತೋರಿಸಿ ಮಾಡಿಕೊಳ್ಳಿ. ಇನ್ಹೇಲರಿಗೆ ಹತ್ತಿರದ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ, ಬೆಲೆಯಲ್ಲಿ ಬಹಳ ವ್ಯತ್ಯಾಸವಿರುತ್ತದೆ.

ರಾತ್ರಿ ಉಬ್ಬಸ ಏರಿದರೆ ಮಗನನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ಸಾಲ್ಬುಟಮಾಲ್ ಅನ್ನು ಸ್ಪೇಸರ್ ಮೂಲಕ ಒಂದೊಂದಾಗಿ ನಾಲ್ಕರಿಂದ ಆರು ಪಫ್ ಕೊಡಿ. ಕಡಿಮೆಯಾಗದಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಹೀಗೆಯೇ ಕೊಡುತ್ತ ಆಸ್ಪತ್ರೆಗೆ ಹೊರಡಿ. ನಿಮ್ಮ ವೈದ್ಯರು ಬೇರೆ ಪ್ರಮಾಣ ಬರೆದುಕೊಟ್ಟಿದ್ದರೆ ಅದನ್ನೇ ಪಾಲಿಸಿ. ಒಂದು ಪೂರ್ಣ ವಾಕ್ಯ ಆಡಲಾಗದಿದ್ದರೆ, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಗು ಮಂಕಾಗಿ ತೂಕಡಿಸುತ್ತಿದ್ದರೆ ಕಾಯುವ ಮಾತೇ ಇಲ್ಲ. 108ಕ್ಕೆ ಕರೆ ಮಾಡಿ, ಅಥವಾ ಮನೆಯಲ್ಲೇ ಆಟೊ ಇರುವುದರಿಂದ ಪಫ್ ಕೊಡುತ್ತಲೇ ಹೊರಟುಬಿಡಿ. ಉಬ್ಬಸದ ನಡುವೆ ಸುಯ್ಯೆಂಬ ಸದ್ದು ಇದ್ದಕ್ಕಿದ್ದಂತೆ ನಿಂತು ಮಗು ಸುಸ್ತಾದರೆ ವಾಸಿಯಾಯಿತೆಂದು ಸಮಾಧಾನಪಟ್ಟುಕೊಳ್ಳಬೇಡಿ. ಗಾಳಿಯೇ ಆಡದಷ್ಟು ನಾಳ ಮುಚ್ಚಿಕೊಂಡಾಗಲೂ ಎದೆ ಮೌನವಾಗುತ್ತದೆ.

ಊರಿಗೆ ಕಳಿಸುವ ಪ್ರಶ್ನೆಗೆ ನನ್ನ ಅಭಿಪ್ರಾಯ, ಬೇಡ ಎಂಬುದು. ಹಳ್ಳಿಯ ಗಾಳಿ, ಕೊಟ್ಟಿಗೆಯ ಧೂಳು ರಕ್ಷಣೆ ಕೊಡುವುದು ಮುಖ್ಯವಾಗಿ ಗರ್ಭದಲ್ಲಿರುವಾಗ ಮತ್ತು ಹುಟ್ಟಿದ ಮೊದಲ ಒಂದೆರಡು ವರ್ಷಗಳಲ್ಲಿ. ಏಳನೆಯ ವಯಸ್ಸಿನಲ್ಲಿ ಹೋದರೆ ಆಸ್ತಮಾ ಅಳಿಸಿಹೋಗುವುದಿಲ್ಲ. ಊರಿನ ಮನೆಯಲ್ಲಿ ಈಗಲೂ ಸೌದೆ ಒಲೆಯಿದ್ದರೆ ಅದರ ಹೊಗೆ ನಗರದ ಹೊಗೆಗೆ ಕಡಿಮೆಯಿಲ್ಲ. ರಾಗಿ ಒಕ್ಕಣೆಯ ಧೂಳು, ಬೇಲಿಯಂಚಿನ ಪಾರ್ಥೇನಿಯಂ ಗಿಡದ ಪರಾಗ ಇವೂ ಇರುತ್ತವೆ. ರಾತ್ರಿ ಉಬ್ಬಸ ಏರಿದರೆ ಆಸ್ಪತ್ರೆ ಎಷ್ಟು ದೂರ, ವಾಹನ ಸಿಗುತ್ತದೆಯೇ ಎಂಬುದನ್ನೂ ಯೋಚಿಸಬೇಕು. ಇದಕ್ಕಿಂತ ಮಿಗಿಲಾಗಿ, ತಾಯಿಯನ್ನು ಬಿಟ್ಟಿರುವ ಸಂಕಟವೂ ಆಸ್ತಮಾ ಇರುವ ಮಗುವಿಗೆ ಒಳ್ಳೆಯದಲ್ಲ, ಮಾನಸಿಕ ಒತ್ತಡ ಉಬ್ಬಸವನ್ನು ಹೆಚ್ಚಿಸುತ್ತದೆ. ರಜೆಗೆ ಧಾರಾಳವಾಗಿ ಕಳಿಸಿ, ದಿನದ ಇನ್ಹೇಲರ್, ಉಬ್ಬಸ ಏರಿದಾಗಿನ ಸಾಲ್ಬುಟಮಾಲ್ ಇನ್ಹೇಲರ್ ಎರಡನ್ನೂ ಸ್ಪೇಸರನ್ನೂ ಜೊತೆಗೆ ಕಟ್ಟಿ ಕೊಡಿ, ಅಜ್ಜಿಗೆ ಬಳಸುವ ಕ್ರಮ ತೋರಿಸಿ. ಮೃಗಶಿರಾ ಮಳೆ ಕೂಡುವಾಗ ಹೈದರಾಬಾದಿನಲ್ಲಿ ಕೊಡುವ ಮೀನಿನ ಔಷಧಿಗೂ ಹೋಗಿ ಬನ್ನಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರಿಂದ ಆಸ್ತಮಾ ವಾಸಿಯಾಗುತ್ತದೆಂಬುದಕ್ಕೆ ವೈಜ್ಞಾನಿಕ ಪುರಾವೆಯಿಲ್ಲ. ಅದಕ್ಕಾಗಿ ದಿನದ ಇನ್ಹೇಲರ್ ನಿಲ್ಲಿಸಿ, ಜೂನ್ ತಿಂಗಳ ಮಳೆಯಲ್ಲಿ ಉಸಿರು ಕಟ್ಟಿ ಬಂದ ಮಕ್ಕಳನ್ನು ನಾನು ನೋಡಿದ್ದೇನೆ.

ಶಾಲೆಯ ತರಗತಿ ಶಿಕ್ಷಕರಿಗೆ ಒಂದು ಪತ್ರ ಬರೆದು, ಸಾಲ್ಬುಟಮಾಲ್ ಇನ್ಹೇಲರೊಂದನ್ನು ಅವರ ಬಳಿ ಇರಿಸಿ. ಆಟದ ಪೀರಿಯಡ್‌ನಲ್ಲಿ ಅವನನ್ನು ಮೂಲೆಯಲ್ಲಿ ಕೂರಿಸುವುದು ಬೇಡ ಎಂದೂ ಆ ಪತ್ರದಲ್ಲಿ ತಿಳಿಸಿ. ಹತೋಟಿಯಲ್ಲಿರುವ ಆಸ್ತಮಾದ ಮಗು ಎಲ್ಲರಂತೆ ಓಡಬಹುದು, ಓಡಬೇಕು. ಸರ್ಕಾರಿ ಶಾಲೆಯಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ, ಅವರು ನೋಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಇದೂ ಇದೆ. ಆ ದಿನ ಮಗನ ಹೆಸರು ಬರೆಸಿ, ಸರ್ಕಾರಿ ಆಸ್ಪತ್ರೆಗೆ ಶಿಫಾರಸು ಕೇಳಿ. ಇನ್ನು, ಬೀದಿಯಲ್ಲಿ ಕಸ ಸುಡುವುದರ ಬಗ್ಗೆ ಒಬ್ಬರೇ ದೂರು ಕೊಟ್ಟರೆ ಜಗಳವಾಗಬಹುದು. ನಿಮ್ಮ ವಠಾರದಲ್ಲಿ ಉಬ್ಬಸದ ಮಕ್ಕಳು ನಿಮ್ಮ ಮಗನೊಬ್ಬನೇ ಇರಲಾರ, ಆ ಮನೆಗಳವರೆಲ್ಲ ಸೇರಿ ಪಾಲಿಕೆಯ ವಾರ್ಡ್ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ನಾಳೆಯಿಂದಲೇ ಗೋಡೆಯ ಕ್ಯಾಲೆಂಡರಿನಲ್ಲಿ ರಾತ್ರಿ ಕೆಮ್ಮಿದ ದಿನಕ್ಕೊಂದು, ಸಾಲ್ಬುಟಮಾಲ್ ಬೇಕಾದ ದಿನಕ್ಕೊಂದು, ಶಾಲೆ ತಪ್ಪಿದ ದಿನಕ್ಕೊಂದು ಗುರುತು ಹಾಕಿ. ಗುರುತು ಹಾಕುವ ಕೆಲಸವನ್ನು ಅವನ ಅಕ್ಕನಿಗೆ ವಹಿಸಿದರೆ ಅವಳು ಅಚ್ಚುಕಟ್ಟಾಗಿ ಮಾಡುತ್ತಾಳೆ. ತಿಂಗಳ ನಂತರ ವೈದ್ಯರ ಬಳಿ ಹೋಗುವಾಗ ಆ ಹಾಳೆಯನ್ನೂ ಇನ್ಹೇಲರ್, ಸ್ಪೇಸರ್‌ಗಳನ್ನೂ ಒಯ್ದು, ಅವರೆದುರಿಗೇ ಮಗ ಒಮ್ಮೆ ಪಫ್ ತೆಗೆದುಕೊಳ್ಳಲಿ. ಆ ಸಲ ಯಜಮಾನರೂ ಜೊತೆಗೆ ಬರಲಿ.